ಅರವತ್ತು ವರ್ಷದ ಹೊಲಿಗೆ

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರ ಪೈಕಿ ನಾಗರತ್ನಳ ಕೈಗೆ ಸಾಟಿಯಿರಲಿಲ್ಲ. ಇಪ್ಪತ್ತೆರಡು ವರ್ಷ ಹೊಲಿದ ಪ್ಯಾಂಟುಗಳ ಮೇಲೆಲ್ಲ ಯಾವ್ಯಾವುದೋ ಕಂಪನಿಯ ಹೆಸರು. ತನ್ನ ಹೆಸರಿನದೊಂದು ಬೋರ್ಡು ಮನೆ ಮುಂದೆ ಇರಬೇಕು ಎಂಬುದೊಂದೇ ಅವಳ ಆಸೆ.

ಆ ಆಸೆಗೆ ನೀರೆರೆದವನು ಗೋವರ್ಧನ್. ಓಬಳಾಪುರದ ಅದಿರಿನಲ್ಲಿ ದುಡ್ಡು ಮಾಡಿದ ಅಪ್ಪ ಬಿಟ್ಟುಹೋದ ಆರು ಶೋಕಿ ಕಾರು ಅವನ ಶೆಡ್ಡಿನಲ್ಲಿದ್ದವು. 1963ರ ಇಂಗ್ಲೆಂಡಿನ ಜಾಗ್ವಾರ್, 2008ರ ಇಟಲಿಯ ಕೆಂಪು ಫೆರಾರಿ, ಇವೆರಡನ್ನು ಹೋಲಿಸಿ ನೋಡಿ ಒಂದನ್ನು ಕೊಳ್ಳಲು ಮೈಸೂರಿನ ಸಾಹುಕಾರನೊಬ್ಬ ಬರುವವನಿದ್ದ. ಜಾಗ್ವಾರಿನ ಸೀಟಿನ ಚರ್ಮ ಬಿರಿದಿತ್ತು. ಅದನ್ನು ಹೊಸದು ಮಾಡಿಕೊಟ್ಟರೆ ಉಳಿದ ಕಾರುಗಳ ಕೆಲಸವೂ ನಿನಗೇ, ಬೋರ್ಡು ನಾನೇ ಬರೆಸುತ್ತೇನೆ ಎಂದು ಗೋವರ್ಧನ್ ಅವಳಿಗೆ ಹೇಳಿದ.

ನಾಗರತ್ನ ತನ್ನ ಕಸುಬಿನ ರೂಢಿಯಂತೆ ಹಳೇ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಹರವಿ ಅಳತೆ ತೆಗೆದಳು. ಹೊಸ ಚರ್ಮ ತರಿಸಿ ಎರಡು ತಿಂಗಳು ಕೂತು ಹೊಲಿದಳು. ಹೊಸ ಪ್ಯಾಂಟನ್ನು ಬೇಕಂತಲೇ ಉಜ್ಜಿ ಹಳೆಯದು ಮಾಡಿ ಮಾರುವ ಊರಿನವಳಿಗೆ ಹಳೆಯದರ ಮೇಲಿನ ಶ್ರೀಮಂತರ ಹುಚ್ಚು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸಾಹುಕಾರ ಬಂದ. ಸೀಟು ನೋಡಿ ಮುಖ ಸಿಂಡರಿಸಿದ. ಓಟಕ್ಕೆ ಫೆರಾರಿಯೇ ಸರಿ, ಆದರೆ ಅಂಥದ್ದು ಇನ್ನೊಂದು ಹುಡುಕಿದರೆ ಸಿಗುತ್ತದೆ. ಈ ಹಳೆಯದರಲ್ಲಿ ಇದ್ದದ್ದು ಸತ್ತುಹೋದವರ ಕೈಚಳಕ, ಅದನ್ನೇ ಕಿತ್ತು ಹಾಕಿದ ಮೇಲೆ ನನಗ್ಯಾಕೆ ಎಂದ. ಗೋವರ್ಧನ್ ಬೆವರು ಒರೆಸಿಕೊಂಡು, ಹಳೇ ಸೀಟಿನ ಚರ್ಮ ಜೋಪಾನವಾಗಿದೆ, ಹದಿನೈದು ದಿನ ಬಿಟ್ಟು ಬನ್ನಿ ಎಂದು ಕೈಮುಗಿದ. ಅದರ ಹೊಲಿಗೆ ಬಿಚ್ಚಿಹೋಗಿರುವುದನ್ನು ಮಾತ್ರ ಹೇಳಲಿಲ್ಲ.

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ನಾಗರತ್ನ ತನ್ನ ಹೊಲಿಗೆಯನ್ನು ತಾನೇ ಬಿಚ್ಚಿದಳು. ಬಿರಿದ ಚರ್ಮಕ್ಕೆ ಎಣ್ಣೆ ತಿಕ್ಕಿ ಮೆತ್ತಗೆ ಮಾಡಿದಳು. ದಾರವನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಹೊಳಪು ಕಳೆದಳು. ಹಳೇ ತೂತುಗಳಲ್ಲೇ ಒಂದೊಂದಾಗಿ ಕೈಸೂಜಿ ತೂರಿಸಿ, ಕಣ್ಣು ಉರಿಯುವ ತನಕ ಹೊಲಿದಳು. ಸಾಹುಕಾರನ ಮುಂದೆ ತುಟಿ ಬಿಚ್ಚಕೂಡದೆಂದು ಗೋವರ್ಧನ್ ತಾಕೀತು ಮಾಡಿದ್ದ.

ಎರಡನೇ ಸಲ ಸಾಹುಕಾರ ಕನ್ನಡಕ ಏರಿಸಿ ಹೊಲಿಗೆಯ ಮೇಲೆ ಬೆರಳಾಡಿಸಿದ. ಮುಖ ಅರಳಿತು.

“ನೋಡಿ ಗೋವರ್ಧನ್, ಕೈ ಅಂದ್ರೆ ಇದು. ಅರವತ್ತು ವರ್ಷದ ಹೊಲಿಗೆ. ಹೀಗೆ ಹೊಲಿಯೋರು ನಮ್ಮಲ್ಲಿ ಹುಟ್ಟೋದೇ ಇಲ್ಲ.”

ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದ ನಾಗರತ್ನಳಿಗೆ ತಡೆಯಲಾಗಲಿಲ್ಲ.

“ಅದನ್ನ ಹೊಲ್ದಾಕಿ ನಾನ್ರಿ.”

ಸಾಹುಕಾರ ಅವಳ ಒರಟು ಬೆರಳುಗಳನ್ನು ನೋಡಿದ, ಹೊಲಿಗೆಯನ್ನು ನೋಡಿದ, ಆಮೇಲೆ ನಕ್ಕುಬಿಟ್ಟ. ಸಿಟ್ಟಿನಿಂದಲ್ಲ, ಒಳ್ಳೇ ತಮಾಷೆ ಕೇಳಿದವನ ಹಾಗೆ. ಗೋವರ್ಧನ್ ಅವನಿಗಿಂತ ಜೋರಾಗಿ ನಕ್ಕು, ಇವಳು ಸೀಟು ಒರೆಸುವವಳು, ಒಂಚೂರು ಬಾಯಿ ಜಾಸ್ತಿ ಎಂದ. ಜಾಗ್ವಾರ್ ಅಲ್ಲೇ ಮಾರಾಟವಾಯಿತು.

ಸಾಹುಕಾರ ಹೋದ ಮೇಲೆ ಅವಳು ಬೋರ್ಡಿನ ಮಾತೆತ್ತಿದಳು.

“ಬೋರ್ಡ್ ಹಾಕಿದ್ರ ಗುಟ್ಟು ಹೊರಗ ಬೀಳ್ತೈತಿ ನಾಗರತ್ನಮ್ಮ,” ಎಂದ ಗೋವರ್ಧನ್. “ಕೆಲ್ಸ ಎಷ್ಟು ಬೇಕಾದ್ರೂ ಕೊಡ್ತೀನಿ. ಹೆಸರು ಮಾತ್ರ ಬ್ಯಾಡ.”

ಉಳಿದ ನಾಲ್ಕು ಹಳೇ ಕಾರುಗಳ ಕೆಲಸವೂ ಅವಳಿಗೇ ಬಂತು, ಅವಳ ಕೈ ಸೋಕಿದ್ದು ಎಲ್ಲೂ ಕಾಣಕೂಡದು ಎಂಬ ಕರಾರಿನ ಮೇಲೆ. ನಾಗರತ್ನ ಒಪ್ಪಿಕೊಂಡಳು. ತನ್ನ ಕೈ ಮರೆಸುವ ಆ ಕೆಲಸವನ್ನೂ ಅವಳು ಯಾರಿಗೂ ಗೊತ್ತಾಗದಷ್ಟು ಚೆನ್ನಾಗಿ ಮಾಡಿದಳು.