ಕ್ರಾಪಿಯ ಬಾಯಿ, ಜಯರಾಮರ ಬಾಯಿ

ಎರಡು ವರ್ಷದಿಂದ ಜಯರಾಮರು ಬಹುತೇಕ ಪ್ರತಿ ಶನಿವಾರ ಕ್ರಾಪಿ ಮೀನು ಹಿಡಿಯಲು ಹೋಗುತ್ತಿದ್ದರು. ಎರಡು ವರ್ಷದಲ್ಲಿ ಅವರು ದಡಕ್ಕೆ ತಂದ ಕ್ರಾಪಿ ಒಂದೂ ಇಲ್ಲ. ಕ್ರಾಪಿ ಎಂದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಬೆಳ್ಳಿ ಬಣ್ಣದ ಮೈಮೇಲೆ ಕಪ್ಪು ಚುಕ್ಕೆಗಳಿರುವ ಚಪ್ಪಟೆ ಸಿಹಿನೀರಿನ ಮೀನು. ಸ್ಯಾನ್ ಹೊಸೆಯ ದಕ್ಷಿಣಕ್ಕೆ ಗುಡ್ಡಗಳ ನಡುವೆ ಇರುವ ಜಲಾಶಯದಲ್ಲಿ ಪ್ರೈಮರಿ ಶಾಲೆಯ ಮಕ್ಕಳೂ ಅದನ್ನು ಹಿಡಿಯುತ್ತಾರೆ. ಈ ಸಂಗತಿಯನ್ನು ಹೆಂಡತಿ ಸರೋಜಿನಿ ಅವರಿಗೆ ಆಗಾಗ ನೆನಪಿಸುತ್ತಿದ್ದರು.

ಆ ಜಲಾಶಯದ ಮೀನು ತಿನ್ನುವಂತಿಲ್ಲ. ನೀರಿನಲ್ಲಿ ಪಾದರಸ ಇದೆ, ಹಿಡಿದದ್ದನ್ನು ವಾಪಸ್ಸು ಬಿಡಿ ಎಂದು ದಡದಲ್ಲೇ ಬೋರ್ಡು ಹಾಕಿದ್ದಾರೆ. ಹಾಗಾಗಿ ಬರಿಗೈಯಲ್ಲಿ ಮನೆಗೆ ಬರುವುದು ಜಯರಾಮರಿಗೆ ಅವಮಾನವೇನೂ ಆಗಬೇಕಿರಲಿಲ್ಲ. ಆದರೂ ಅವರು ಬರುವ ದಾರಿಯಲ್ಲಿ ಸಾಂಟಾ ಕ್ಲಾರಾದ ಇಂಡಿಯನ್ ಅಂಗಡಿಗೆ ಸುತ್ತು ಹಾಕಿ, ಫ್ರೀಜರಿನಿಂದ ಒಂದು ಪ್ಯಾಕೆಟ್ ಬಂಗುಡೆ ಮೀನು ಎತ್ತಿಕೊಂಡು ಬರುತ್ತಿದ್ದರು. ಸರೋಜಿನಿ ಪ್ಯಾಕೆಟ್ಟನ್ನು ಸಿಂಕಿನಲ್ಲಿಟ್ಟು, "ಪಾಪ, ಇದು ತಾನೇ ಪ್ಲಾಸ್ಟಿಕ್ ಸುತ್ತಿಕೊಂಡು ನಿಮ್ಮ ಗಾಳಕ್ಕೆ ಬಂದದ್ದಾ?" ಎಂದು ಕೇಳುತ್ತಿದ್ದರು.

ಜಯರಾಮರಿಗೆ ಅರವತ್ತೊಂದು. ಹುಟ್ಟಿದ್ದು ಉಡುಪಿ ಹತ್ತಿರ, ಸಮುದ್ರದಿಂದ ಮುಕ್ಕಾಲು ಮೈಲಿ ದೂರದಲ್ಲಿ. ಚಿಪ್ ಕಂಪನಿಯಲ್ಲಿ ಕೆಲಸ. ಮಗಳು ನಿಶ್ಮಿತಾಳ ಶಾಲೆಗೆಂದು ಕ್ಯುಪರ್ಟಿನೋದಲ್ಲಿ ಮನೆ ಮಾಡಿದವರು ಮಗಳು ಓದು ಮುಗಿಸಿ ಸಿಯಾಟಲ್‌ಗೆ ಹೋದ ಮೇಲೂ ಅಲ್ಲೇ ಉಳಿದಿದ್ದರು. ಒಳ್ಳೆಯ ಮನುಷ್ಯ, ಕರೆದಲ್ಲಿಗೆ ಬರುವವರು, ಆದರೆ ಮಾತು ಬಹಳ. ಎದುರಿನವರು ಒಂದು ವಾಕ್ಯ ಶುರು ಮಾಡಿದರೆ ಅದನ್ನು ತಾವೇ ಮುಗಿಸಿ, ಮುಗಿಸಿದ್ದಕ್ಕೆ ಉತ್ತರವನ್ನೂ ತಾವೇ ಕೊಡುತ್ತಿದ್ದರು.

ಅವರ ಜೊತೆ ಮೀನಿಗೆ ಹೋಗುತ್ತಿದ್ದವರು ರಹೀಮ್. ಗದಗದ ಕಡೆಯವರು, ಸ್ಯಾನ್ ಹೊಸೆಯಲ್ಲಿ ಕಾರು ರಿಪೇರಿ ಶಾಪು ಇಟ್ಟುಕೊಂಡಿದ್ದರು. ಜಯರಾಮರು ಬ್ರೇಕು ಸರಿಮಾಡಿಸಲು ಹೋದಾಗ ಇಬ್ಬರೂ ಕನ್ನಡದವರೆಂದು ಗೊತ್ತಾಗಿ, ಗೋಡೆಗೆ ಒರಗಿಸಿದ್ದ ಗಾಳದ ಕೋಲಿನ ಮೇಲೆ ಮಾತು ಬಂದು, ಅಲ್ಲಿಂದ ಈ ಶನಿವಾರಗಳು ಶುರುವಾಗಿದ್ದವು. ರಹೀಮ್ ಒಂದು ಬೆಳಿಗ್ಗೆಗೆ ಹತ್ತು ಹನ್ನೆರಡು ಕ್ರಾಪಿ ಹಿಡಿದು ಬಿಡುತ್ತಿದ್ದರು. ಜಯರಾಮರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ.

"ನಿಮ್ಮೂರಿನಲ್ಲಿ ನೀರು ಬರುವುದು ಟ್ಯಾಂಕರಿನಲ್ಲಿ ಅಲ್ವಾ ಮಾರಾಯ್ರೆ. ಮೀನು ಹಿಡಿಯಲಿಕ್ಕೆ ಎಲ್ಲಿ ಕಲಿತದ್ದು?"

"ಇಲ್ಲೇ ಕಲಿತೇನ್ರಿ ಸರ. ನೋಡ್ರಿ, ಈ ಕ್ರಾಪಿ ಏನೈತಿ…"

"ಗೊತ್ತುಂಟು, ಅದರದ್ದು ಪೂರ್ತಿ ಟೈಮಿಂಗಿನ ವಿಷಯ," ಎಂದು ಜಯರಾಮರು ಅಲ್ಲಿಂದ ಆಫೀಸಿನ ಟೈಮಿಂಗ್ ಸಮಸ್ಯೆಗೆ, ಅಲ್ಲಿಂದ ಮ್ಯಾನೇಜರಿಗೆ, ಮ್ಯಾನೇಜರಿನಿಂದ ತೊಂಬತ್ತೆಂಟರಲ್ಲಿ ತಾವು ಮೊದಲು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಟ್ಟ ಬೆಂಡು ಅಲ್ಲಾಡಿದ್ದು ಕಣ್ಣಿಗೆ ಬಿದ್ದು, ಎರಡೂ ಕೈಯಲ್ಲಿ ಕೋಲನ್ನು ಹಿಂದಕ್ಕೆ ಎಳೆದುಬಿಡುತ್ತಿದ್ದರು. ಗಾಳ ನೀರಿನಿಂದ ಹಾರಿ ಹಿಂದಿನ ಓಕ್ ಮರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಆ ಮರದ ಕೆಳಗಿನ ಕೊಂಬೆಗಳಲ್ಲಿ ಜಯರಾಮರ ಎಷ್ಟೋ ಗಾಳಗಳು ಬಣ್ಣಬಣ್ಣವಾಗಿ ತೂಗುತ್ತಿದ್ದವು.

ತಪ್ಪು ಸಾಮಾನಿನದ್ದು ಎಂದು ಅವರು ಹೊಸ ಕೋಲು ತಂದರು. ನೀರಿನಡಿಯ ಮೀನನ್ನು ಫೋನಿನಲ್ಲಿ ತೋರಿಸುವ, ನಿಂಬೆಹಣ್ಣಿನ ಗಾತ್ರದ ಯಂತ್ರ ತಂದರು. ಅದು ಮೀನುಗಳನ್ನು ಸರಿಯಾಗಿಯೇ ತೋರಿಸಿತು. ಮೀನುಗಳು ಇವೆ, ತಮಗೆ ಮಾತ್ರ ಬರುವುದಿಲ್ಲ ಎನ್ನುವುದು ಇನ್ನಷ್ಟು ಸ್ಪಷ್ಟವಾಯಿತು.

ಈ ಮಾರ್ಚಿನಲ್ಲಿ ಅವರ ಗಂಟಲು ಪೂರ್ತಿ ಕೆಟ್ಟಿತು. ತಿಂಗಳುಗಟ್ಟಲೆ ಸ್ವರ ಗೊರಗೊರ ಎನ್ನುತ್ತಿದ್ದದ್ದನ್ನು ಡಾಕ್ಟರಿಗೆ ತೋರಿಸಿದಾಗ ಧ್ವನಿತಂತುವಿನ ಮೇಲೆ ಸಣ್ಣ ಗಂಟು ಕಂಡಿತು. ಅಪಾಯದ್ದೇನಲ್ಲ, ಅತಿಯಾಗಿ ಮಾತಾಡುವವರಿಗೆ ಬರುತ್ತದೆ ಎಂದು ಡಾಕ್ಟರು ಹೇಳಿದರು. ಸರೋಜಿನಿ ಆಗ ಕಿಟಕಿಯ ಹೊರಗೆ ನೋಡುತ್ತಿದ್ದರು, ನಗು ತಡೆಯಲಿಕ್ಕೆ. ಸಂಜೆಯೊಳಗೆ ಮನೆಗೆ ಕಳಿಸುವಷ್ಟು ಚಿಕ್ಕ ಆಪರೇಷನ್ನು. ಆದರೆ ಆಮೇಲೆ ಏಳು ದಿನ ಒಂದು ಮಾತೂ ಆಡಬಾರದು. ಪಿಸುಮಾತು ಕೂಡ ಬೇಡ.

"ಏಳು ಸಾಕಾ ಡಾಕ್ಟರೇ? ಸೇಫ್ಟಿಗೆ ಹದಿನಾಲ್ಕು ಮಾಡಿದರೆ?" ಎಂದು ಸರೋಜಿನಿ ಇಂಗ್ಲಿಷಿನಲ್ಲಿ ವಿಚಾರಿಸಿದರು.

ನಿಶ್ಮಿತಾ ಚಿಕ್ಕವಳಿದ್ದಾಗ ಬಳಸಿದ ಪುಟ್ಟ ಬಿಳಿ ಬೋರ್ಡೊಂದು ಗ್ಯಾರೇಜಿನಲ್ಲಿತ್ತು. ಅದನ್ನು ಒರೆಸಿ ಮಾರ್ಕರಿನ ಜೊತೆ ಗಂಡನ ಕೈಗೆ ಕೊಟ್ಟರು. ಫೋನು ಕೈಯಲ್ಲಿದ್ದರೆ ಅಭ್ಯಾಸಬಲದಿಂದ ಹಲೋ ಎಂದುಬಿಡುತ್ತಾರೆಂದು ಅದನ್ನು ತಾವೇ ಇಟ್ಟುಕೊಂಡರು. ಮೊದಲ ಎರಡು ದಿನ ಜಯರಾಮರು ಬೋರ್ಡಿನ ತುಂಬ ಬರೆದರು. ಮೂರನೆಯ ದಿನ ಕೈ ನೋವು ಬಂದು, ಬೇಕಾದದ್ದನ್ನು ಮಾತ್ರ ಬರೆಯತೊಡಗಿದರು. ಬೇಕಾದದ್ದು ಬಹಳ ಕಡಿಮೆ ಎಂದು ಅವರಿಗೇ ಆಶ್ಚರ್ಯವಾಯಿತು. ಒಂದು ಗಂಟೆಯ ಆಫೀಸು ಮೀಟಿಂಗು, ಅವರು ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದಾಗ, ಇಪ್ಪತ್ತೆರಡು ನಿಮಿಷದಲ್ಲಿ ಮುಗಿಯಿತು.

ಐದನೆಯ ದಿನ ಶನಿವಾರ. ಬೆಳಿಗ್ಗೆ ಆರೂವರೆಗೆ ರಹೀಮ್ ಪಿಕಪ್ ತಂದು ನಿಲ್ಲಿಸಿದಾಗ ಸರೋಜಿನಿ ಬಾಗಿಲಲ್ಲೇ ವಿಷಯ ತಿಳಿಸಿ, ಫ್ಲಾಸ್ಕು ಕೊಟ್ಟರು. "ಕರ್ಕೊಂಡು ಹೋಗಿ. ಮಾತಾಡಿಸಬೇಡಿ. ನೀವೇ ಏನಾದರೂ ಮಾತಾಡಿ."

ಫ್ರೀವೇಯಲ್ಲಿ ರಹೀಮ್ ಅಭ್ಯಾಸದಂತೆ ಜಯರಾಮರ ಮಾತಿಗೇ ಕಾದರು. ಅದು ಯಾವಾಗ ಬೇಕಾದರೂ ಶುರುವಾಗಬಹುದೆಂಬಂತೆ ಎರಡು ಸಲ ಪಕ್ಕಕ್ಕೆ ನೋಡಿದರು. ಗಂಟಲು ಸರಿಮಾಡಿಕೊಂಡರು. ರೇಡಿಯೋ ಹಾಕಿ, ಆರಿಸಿದರು. ದಡದಲ್ಲಿ ಕುರ್ಚಿ ಬಿಡಿಸಿ, ಗಾಳ ಕಟ್ಟಿ ಕೂತ ಮೇಲೆ ಕೊನೆಗೂ ಬಾಯಿ ತೆರೆದರು.

"ಸರ, ಎರಡ್ ವರ್ಷದಿಂದ ನಿಮಗೊಂದ್ ಮಾತ್ ಹೇಳಬೇಕಂತ ಮಾಡೀನ್ರಿ."

ಜಯರಾಮರು ತಲೆಯಾಡಿಸಿದರು.

"ನೀವ್ ಭಾಳ ಜಗ್ಗತೀರಿ. ಈ ಮೀನಿನ ಬಾಯಿ ಕಾಗದದ ಹಾಳಿ ಇದ್ದಂಗ ಇರ್ತೈತ್ರಿ, ತೆಳ್ಳಗ. ಜಗ್ಗಿದ್ರ ಹರದ್ ಹೋಗ್ತೈತಿ. ಮೀನು ನಿಮ್ಮ ಗಾಳಕ್ಕ ಬಂದಿಲ್ಲಂತಲ್ರಿ. ಭಾಳ ಸಲ ಬಂದಾವು. ನೀವ ಬಾಯಿ ಹರದ್ ಕಳಿಸೀರಿ."

ಜಯರಾಮರು ಬೋರ್ಡಿನಲ್ಲಿ "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಅವಸರದಲ್ಲಿ ಗೀಚಿ ತೋರಿಸಿದರು. ರಹೀಮ್ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಚಸ್ಮಾ ಶಾಪಿನ್ಯಾಗ ಬಿಟ್ಟ್ ಬಂದೀನ್ರಿ ಸರ," ಎಂದು ವಾಪಸ್ಸು ಕೊಟ್ಟರು. ಪ್ರಶ್ನೆ ಕೇಳುವ ದಾರಿ ಅಲ್ಲಿಗೆ ಮುಚ್ಚಿತು. ಇನ್ನು ಕೇಳಿಸಿಕೊಳ್ಳುವುದೊಂದೇ ಉಳಿಯಿತು.

ರಹೀಮ್ ನಿಧಾನವಾಗಿ, ಒಂದೊಂದು ವಾಕ್ಯವನ್ನೂ ಕೊನೆಯವರೆಗೆ ಹೇಳಿದರು. ಕ್ರಾಪಿಯ ಕಣ್ಣು ಮೇಲಕ್ಕಿರುತ್ತದೆ, ಅದು ತನಗಿಂತ ಮೇಲಿರುವ ತಿಂಡಿಯನ್ನು ನೋಡುತ್ತದೆ, ಕೆಳಗಿದ್ದದ್ದು ಅದರ ಲೆಕ್ಕಕ್ಕೇ ಇಲ್ಲ. ಜಯರಾಮರ ಗಾಳ ಎಷ್ಟೋ ಸಲ ತಳಕ್ಕೆ ಹೋಗಿ ಕೂರುತ್ತದೆ. ಬೆಂಡನ್ನು ಎರಡು ಅಡಿ ಕೆಳಕ್ಕೆ ಜಾರಿಸಬೇಕು. ಮಾರ್ಚಿನಲ್ಲಿ ಅವು ನೀರಿಗೆ ಬಿದ್ದ ಮರದ ರೆಂಬೆಗಳ ಸಂದಿಯಲ್ಲಿರುತ್ತವೆ, ನಡುನೀರಿಗೆ ಎಸೆದು ಪ್ರಯೋಜನವಿಲ್ಲ. ದೊಡ್ಡ ಗಾಳ ಬೇಡ, ಕಡಲೆಕಾಳಿನಷ್ಟು ಸೀಸದ ತಲೆಯ, ಬಣ್ಣದ ಬಾಲದ ಪುಟ್ಟ ಗಾಳ ಸಾಕು. ಅದು ಕಚ್ಚಿದಾಗ ಬೆಂಡು ಮುಳುಗಬೇಕೆಂದೇನೂ ಇಲ್ಲ. ಕೆಲವು ಸಲ ಸುಮ್ಮನೆ ವಾಲುತ್ತದೆ.

"ಆವಾಗ ಎತ್ತೂದು, ಜಗ್ಗೂದಲ್ರಿ. ತುಂಬಿದ ಚಾದ ಕಪ್ ಎತ್ತತೀವಲ್ಲ, ಹಂಗ."

ಜಯರಾಮರು ಬೆಂಡು ಸರಿಸಿ, ಮುಳುಗಿದ ರೆಂಬೆಗಳ ಹತ್ತಿರ ಗಾಳ ಇಳಿಬಿಟ್ಟರು. ಹತ್ತು ನಿಮಿಷಕ್ಕೆ ಬೆಂಡು ವಾಲಿತು. ಕೈ ಹಳೆಯ ಅಭ್ಯಾಸದಂತೆ ಎಳೆಯಿತು, ಗಾಳ ಓಕ್ ಮರಕ್ಕೆ ಹೋಯಿತು. ರಹೀಮ್ ಇನ್ನೊಂದು ಕಟ್ಟಿಕೊಟ್ಟರು. ಎರಡನೆಯದೂ ತಪ್ಪಿತು. ಮೂರನೆಯ ಸಲ ಬೆಂಡು ಪಕ್ಕಕ್ಕೆ ಮಲಗಿದಾಗ ಜಯರಾಮರು ಉಸಿರು ಬಿಗಿಹಿಡಿದು ಕೋಲನ್ನು ಮೆಲ್ಲಗೆ, ಬಹಳ ಮೆಲ್ಲಗೆ ಎತ್ತಿದರು. ಕೋಲು ಬಾಗಿತು. ದಾರದ ತುದಿಯಲ್ಲಿ ಜೀವ ಒದ್ದಾಡುವುದು ಮೊಣಕೈಯವರೆಗೆ ತಿಳಿಯಿತು.

ಬಂದದ್ದು ಒಂಬತ್ತಿಂಚಿನ ಕ್ರಾಪಿ. ಜಯರಾಮರಿಗೆ ಕೂಗಬೇಕೆನಿಸಿತು, ಕೂಗುವಂತಿರಲಿಲ್ಲ. ತೊಡೆಯ ಮೇಲೆ ಹೊಡೆದುಕೊಂಡರು. ಎದ್ದು ನಿಂತು ಕೂತರು. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು ಅದರ ಬಾಯಿಯನ್ನು ಬೆಳಕಿಗೆ ತೋರಿಸಿದರು. ತುಟಿಯ ಪಕ್ಕದ ಪೊರೆಯ ಆಚೆ ಬಿಸಿಲು ಕಾಣುವಷ್ಟು ಅದು ತೆಳ್ಳಗಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಬಗ್ಗಿ ನೀರಿಗೆ ಬಿಟ್ಟರು.

ಒಂಬತ್ತು ಗಂಟೆಯ ಹೊತ್ತಿಗೆ ಜಯರಾಮರಿಗೆ ಆರು ಮೀನಾಗಿದ್ದವು. ರಹೀಮರಿಗೆ ನಾಲ್ಕು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ ರಹೀಮ್, "ಸರ, ಇನ್ನೊಂದ್ ಮಾತ್ ಐತ್ರಿ," ಎಂದರು. "ಜೂನ್‌ದಾಗ ನಾ ಶಾಪ್ ಬಿಟ್ ಹೊಂಟೀನ್ರಿ. ಮೊಡೆಸ್ಟೊಕ್ಕ. ಅಲೀನಾನ ಮನಿ ಹತ್ರ."

ಅಲೀನಾ ರಹೀಮರ ಮಗಳು; ಮೊಡೆಸ್ಟೊ ಒಂದೂವರೆ ಗಂಟೆ ದೂರದ ಊರು. ಜಯರಾಮರು ಕುರ್ಚಿಯನ್ನು ಅವರ ಕಡೆ ತಿರುಗಿಸಿದರು.

"ಜನವರಿದಾಗ ಅಕಿಗೆ ಅವಳಿ ಮಕ್ಕಳಾದ್ವು. ಅವತ್ತಿನಿಂದ ನಮ್ಮ ಮನಿಯಾಕಿ ಬದರುನ್ನಿಸಾ ಅಲ್ಲೇ ಅದಾಳ್ರಿ. ನಮ್ಮ ಮನ್ಯಾಗ ನಾ ಒಬ್ಬನ. ಬ್ರೆಡ್ ಆಮ್ಲೆಟ್ ಮಾಡ್ಕೋತೀನಿ. ಸಂಜಿಕ್ಕ ಮನಿಗೆ ಹೋದ್ರ ಟಿವಿ ಹಚ್ಚತೀನಿ, ಸಪ್ಪಳ ಇರ್ಲಿ ಅಂತ. ಅದಕ್ಕ ನಂಗ ಶನಿವಾರ ಅಂದ್ರ ಭಾಳ ಬೇಕಾಗ್ತೈತ್ರಿ. ನೀವ್ ಮಾತಾಡ್ತೀರಲ್ಲ, ಮನಿ ತುಂಬಿದಂಗ ಇರ್ತೈತಿ."

ಜಯರಾಮರಿಗೆ ಜನವರಿಯ ಒಂದು ಬೆಳಿಗ್ಗೆ ನೆನಪಾಯಿತು. ಇದೇ ದಡದಲ್ಲಿ ರಹೀಮ್ "ನಮ್ಮ ಅಲೀನಾಗ…" ಎಂದು ಶುರು ಮಾಡಿದ್ದರು. ತಾವು "ಮಕ್ಕಳ ಕತೆ ಕೇಳಬೇಡಿ, ನಮ್ಮ ನಿಶ್ಮಿತಾ ಉಂಟಲ್ಲ" ಎಂದು ನಡುವೆ ಬಾಯಿ ಹಾಕಿ, ಅವಳ ಹೊಸ ಕೆಲಸದ ವರ್ಣನೆಯಲ್ಲಿ ಮುಕ್ಕಾಲು ಗಂಟೆ ಕಳೆದಿದ್ದರು. ಅವಳಿ ಮಕ್ಕಳು ಹುಟ್ಟಿದ ಸುದ್ದಿಯನ್ನು ಆ ಮನುಷ್ಯ ಹಾಗೇ ಮನೆಗೆ ವಾಪಸ್ಸು ಒಯ್ದಿದ್ದರು.

ಅವರು ಬೋರ್ಡು ತೆಗೆದುಕೊಂಡು "ಗೊತ್ತಿರಲಿಲ್ಲ. ತಪ್ಪಾಯಿತು" ಎಂದು ಬರೆದರು.

ರಹೀಮ್ ಕಣ್ಣು ಕಿರಿದು ಮಾಡಿ ನೋಡಿದರು. "ಮೀನಿನ ಬಗ್ಗೆ ಏನ್ರಿ?"

ಜಯರಾಮರು ಇಲ್ಲವೆಂದು ತಲೆಯಾಡಿಸಿ, ಬೋರ್ಡನ್ನು ಅಂಗಿಯ ತೋಳಿನಿಂದ ಒರೆಸಿದರು. ಆಮೇಲೆ ಎರಡು ಬೆರಳು ಎತ್ತಿ, ಮಗುವನ್ನು ತೂಗುವಂತೆ ಕೈ ಆಡಿಸಿ, ಹುಬ್ಬು ಮೇಲಕ್ಕೆತ್ತಿದರು.

"ಹೂಂ ರೀ, ಎರಡೂ ಹೆಣ್ಣ," ಎಂದರು ರಹೀಮ್. ಮುಖ ಅರಳಿತು. ಒಂದು ಅಳುವುದೇ ಇಲ್ಲ, ಇನ್ನೊಂದು ಅದರ ಪಾಲಿನದನ್ನೂ ಸೇರಿಸಿ ಅಳುತ್ತದೆ ಎಂದರು. ಬದರುನ್ನಿಸಾಗೆ ಸೊಂಟ ನೋವು, ಆದರೂ ಫೋನಿನಲ್ಲಿ ಅವಳ ದನಿ ಹತ್ತು ವರ್ಷ ಚಿಕ್ಕದಾಗಿದೆ ಎಂದರು. ಇಪ್ಪತ್ತು ವರ್ಷದ ಶಾಪು ಬಿಡಲು ಮನಸ್ಸಿಲ್ಲ, ಒಬ್ಬನೇ ಇರಲೂ ಆಗುತ್ತಿಲ್ಲ ಎಂದರು. ನಡುವೆ ಒಮ್ಮೆ, "ಸರ, ನಿಮ್ಮ ಬೆಂಡು ಹೊಂಟೈತ್ ನೋಡ್ರಿ," ಎಂದು ಬೆರಳು ತೋರಿಸಿದರು. ಜಯರಾಮರು ಕೋಲು ಮುಟ್ಟಲಿಲ್ಲ. ಮಾತು ಮುಂದುವರಿಸಿ ಎಂಬಂತೆ ಕೈ ಮಾಡಿದರು. ಆ ಮೀನು ಗಾಳವನ್ನು ಉಗುಳಿ ತನ್ನ ದಾರಿ ಹಿಡಿಯಿತು.

ಹನ್ನೊಂದಕ್ಕೆ ಮನೆ ಮುಂದೆ ಪಿಕಪ್ ನಿಂತಾಗ ಜಯರಾಮರು ರಹೀಮರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಬೋರ್ಡಿನಲ್ಲಿ ಸರೋಜಿನಿಗೆ ಬರೆದು ತೋರಿಸಿದರು: "ಇವರ ಊಟ ಇಲ್ಲೇ. ಹೆಂಡತಿ ಮೂರು ತಿಂಗಳಿಂದ ಮಗಳ ಮನೆಯಲ್ಲಿ. ಅವಳಿ ಮಕ್ಕಳು."

"ನನಗೆ ಗೊತ್ತುಂಟು," ಎಂದರು ಸರೋಜಿನಿ. "ಬದರುನ್ನಿಸಾ ನನಗೆ ಫೋನ್ ಮಾಡ್ತಾರೆ. ನಿಮಗೆ ಎರಡು ಸಲ ಹೇಳಿದ್ದೇನೆ. ಒಂದು ಸಲ ಇದೇ ಅಡಿಗೆಮನೆಯಲ್ಲಿ."

ಜಯರಾಮರು ಮಾರ್ಕರಿನ ಮುಚ್ಚಳ ಹಾಕಿಟ್ಟರು.

ಊಟಕ್ಕೆ ಹುಳಿ ಖಾರದ ಬಂಗುಡೆ ಪುಳಿಮುಂಚಿ ಇತ್ತು. ಸರೋಜಿನಿ ಬಡಿಸುತ್ತ, ಇವತ್ತು ಇವರಿಗೆ ಎಷ್ಟು ಸಿಕ್ಕಿತೆಂದು ಕೇಳಿದರು. "ಆರು, ನಾ ನೋಡೀನ್ರಿ," ಎಂದರು ರಹೀಮ್.

"ಸಾಕ್ಷಿ ಗಟ್ಟಿ ಉಂಟು," ಎಂದರು ಸರೋಜಿನಿ. "ಹಾಗಾದರೆ ಡಾಕ್ಟರಿಗೆ ಹೇಳಿ ಹದಿನಾಲ್ಕೇ ಮಾಡಿಸುವ."

ಏಳು ದಿನ ಮುಗಿದ ಮೇಲೆ ಜಯರಾಮರ ಸ್ವರ ಮೊದಲಿಗಿಂತ ತೆಳ್ಳಗಾಗಿ ವಾಪಸ್ಸು ಬಂತು. ಗಂಟೆಗೆ ಐದು ನಿಮಿಷ ಮಾತ್ರ ಮಾತಾಡಬಹುದೆಂದು ಡಾಕ್ಟರು ಹೇಳಿದ್ದರು. ಮೊದಲ ಐದು ನಿಮಿಷದಲ್ಲಿ ಅವರು ರಹೀಮರಿಗೆ ಫೋನು ಮಾಡಿ, "ಮಕ್ಕಳು ಹೇಗಿದ್ದಾರೆ?" ಎಂದು ಕೇಳಿ ಸುಮ್ಮನಾದರು.

ರಹೀಮ್ ಅವರ ಮುಂದಿನ ಮಾತಿಗೆ ಕಾದರು. "ಸರ, ಲೈನ್ ಕಟ್ ಆತೇನ್ರಿ?"

"ಇಲ್ಲ, ಕೇಳ್ತಾ ಇದ್ದೇನೆ. ಹೇಳಿ."

ಹಾಗೆಂದು ಜಯರಾಮರು ಪೂರ್ತಿ ಬದಲಾದರು ಎಂದರೆ ಸುಳ್ಳಾಗುತ್ತದೆ. ಮೇ ತಿಂಗಳಿಗೆ ಗಂಟಲು ಗಟ್ಟಿಯಾಯಿತು, ಆಫೀಸು ಮೀಟಿಂಗು ಐವತ್ತು ನಿಮಿಷಕ್ಕೆ ಬಂದು ನಿಂತಿತು. ಮೀನನ್ನು ಮಾತ್ರ ಅವರು ಈಗ ಮೆಲ್ಲಗೇ ಎತ್ತುತ್ತಾರೆ. ಮಾತಿನ ನಡುವೆ ಥಟ್ಟನೆ ನಿಲ್ಲಿಸಿ, "ನೀವು ಎಂತದೋ ಹೇಳ್ತಾ ಇದ್ರಿ," ಎನ್ನುತ್ತಾರೆ. ಅಷ್ಟರಲ್ಲಿ ಎದುರಿನವರಿಗೆ ತಾವು ಏನು ಹೇಳುತ್ತಿದ್ದೆವೆಂದು ಮರೆತಿರುವುದೂ ಉಂಟು.

ಜೂನಿನಲ್ಲಿ ರಹೀಮ್ ಹೋದರು. ಶಾಪಿನ ಸಾಮಾನು ತುಂಬಿಸಲು ಜಯರಾಮರು ಎರಡು ದಿನ ರಜೆ ಹಾಕಿ ನಿಂತರು. ತಿಂಗಳಿಗೊಂದು ಶನಿವಾರ ಎರಡೂ ಊರುಗಳ ನಡುವೆ ಇರುವ ಇನ್ನೊಂದು ಜಲಾಶಯದಲ್ಲಿ ಸೇರುವುದೆಂದು ಮಾತಾಯಿತು. ಜುಲೈಯಲ್ಲಿ ಮೊದಲ ಸಲ ಸೇರಿದಾಗ ಬಿಸಿಲು ಕಾದು, ಕ್ರಾಪಿಗಳು ಆಳಕ್ಕೆ ಇಳಿದಿದ್ದವು. ಇಬ್ಬರಿಗೂ ಒಂದೂ ಸಿಗಲಿಲ್ಲ. ರಹೀಮ್ ಜೊತೆಗೆ ಬದರುನ್ನಿಸಾರನ್ನೂ ಮಕ್ಕಳನ್ನೂ ಕರೆತಂದಿದ್ದರು. ಅಳದ ಮಗುವನ್ನು ಸರೋಜಿನಿ ಎತ್ತಿಕೊಂಡರು. ಅಳುವ ಮಗುವನ್ನು ಜಯರಾಮರು ತೆಗೆದುಕೊಂಡು ನೀರಿನ ಅಂಚಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದರು. ಅದು ಅವರ ಕಿವಿಯ ಪಕ್ಕದಲ್ಲೇ ಬಾಯಿ ಬಿಟ್ಟು ಅಳುತ್ತಿತ್ತು. ಅವರಿಗೆ ಒಂದು ಮಾತು ಆಡಲೂ ಎಡೆ ಸಿಗಲಿಲ್ಲ.