ಯಾರೂ ಇಲ್ಲದವನ ಆಲ್ಬಮ್

ತನ್ನ ಗಂಡ ಮನುಷ್ಯಕುಲವನ್ನೇ ದ್ವೇಷಿಸುತ್ತಾನೆಂಬ ಸಂಗತಿ ಅವಳಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಇಂಟರ್ನೆಟ್ಟಿನಿಂದ ತಿಳಿಯಿತು. ಹಗಲೆಲ್ಲ ಕಚೇರಿಯಲ್ಲಿ ಕೂತು ಜನರ ರಜೆ ಅರ್ಜಿಗೆ ಮೊಹರು ಒತ್ತುವ ಗುಮಾಸ್ತ, ಜಿರಲೆ ಕಂಡರೆ ಮಂಚ ಹತ್ತುವ ಆಸಾಮಿ, ಹಾಸಿಗೆ ಹೊದಿಕೆ ಒಟ್ಟುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ಬ್ಲ್ಯಾಕ್ ಮೆಟಲ್ ಆಲ್ಬಮ್ ಮಾಡಿ ಮುಗಿಸಿದ್ದ. ಗಿಟಾರು ಗರಗಸದ ಹಾಗೆ ಕೊಯ್ಯುತ್ತದೆ, ಹಾಡುವವನು ಗಂಟಲು ಹರಿದುಕೊಳ್ಳುತ್ತಾನೆ, ಅದೇ ಸಂಗೀತ. ಹೆಸರು 'ನನಗೆ ಯಾರೂ ಇಲ್ಲ'. ಅದರ ಕೆಳಗೆ ಬರೆದಿತ್ತು: 'ಎಲ್ಲ ವಾದ್ಯ, ಎಲ್ಲ ದನಿ, ಎಲ್ಲ ನೋವು ನಾನೊಬ್ಬನೇ.'

ಒಬ್ಬನೇ ಅಂತೆ, ಒಬ್ಬನೇ! ಕಿರುಚಿ ಕಿರುಚಿ ದನಿ ಕೂತಾಗ ಉಪ್ಪುನೀರು ಕಾಯಿಸಿ ಕೊಟ್ಟವಳು ಯಾರು? ಅವಳು ಮನೆಯಲ್ಲೇ ಹಲ್ಲಿನ ಸೆಟ್ಟು ತಯಾರಿಸುವವಳು. ಮುಖಪುಟದ ಫೋಟೋಗೆ ಹೆಣದ ಹಾಗೆ ಕಾಣಬೇಕೆಂದು ಈ ಮಹಾಶಯ ಅವಳು ಹಲ್ಲಿನ ಅಚ್ಚಿಗೆ ಇಟ್ಟುಕೊಂಡಿದ್ದ ಪ್ಲಾಸ್ಟರ್ ಪುಡಿಯನ್ನು ಕಲಸಿ ಮುಖಕ್ಕೆ ಮೆತ್ತಿಕೊಂಡ. ಅದು ಗಟ್ಟಿಯಾಗಿ, ಬಾಯಿ ತೆರೆಯಲಾಗದೆ ಕೈಸನ್ನೆಯಲ್ಲಿ ಗೋಳಾಡಿದ. ಹುಬ್ಬು ಕಿತ್ತು ಬರದ ಹಾಗೆ ಅರ್ಧ ಗಂಟೆ ಕೂತು ಬಿಡಿಸಿದವಳು ಅವಳೇ. ಆಗೆಲ್ಲ ನಕ್ಕು ಸುಮ್ಮನಾಗಿದ್ದಳು. ಕೆಟ್ಟವನಲ್ಲ, ಏನೋ ಒಂದು ಹುಚ್ಚು, ಇರಲಿ ಎಂದು. ಆಲ್ಬಮ್ಮನ್ನು ಮಾತ್ರ ಎರಡನೇ ಹಾಡಿಗಿಂತ ಮುಂದೆ ಕೇಳಿರಲಿಲ್ಲ, ತಲೆನೋವು ಬಂದಿತ್ತು.

ಒಂದು ಭಾನುವಾರ ಅಭಿಮಾನಿಯೊಬ್ಬ ಕಾಣಲು ಬರುತ್ತೇನೆಂದ. ಗಂಡ ಬೆಳಗಿನಿಂದ ಅವಳ ಹಿಂದೆ ಮುಂದೆ ಸುಳಿದಾಡಿದ.

"ಒಂದ್ ಗಂಟೆ ಮಟ್ಟಿಗೆ ನೀನು ಮನೆ ಓನರ್ ಅಂತ ಹೇಳ್ತೀನಿ ಕಣೇ. ನಾನು ಬಾಡಿಗೆಗಿರೋನು."

"ಯಾಕ್ರೀ, ಹೆಂಡ್ತಿ ಇದ್ರೆ ನಿಮ್ಮ ನೋವು ಕಮ್ಮಿ ಆಗುತ್ತಾ?"

"ಹೆಂಡ್ತಿ ಇದಾಳೆ ಅಂದ್ರೆ ನನ್ನ ನೋವನ್ನ ಯಾರು ನಂಬ್ತಾರೆ, ಹೇಳು?"

ನೋಡೋಣ ತಮಾಷೆ ಎಂದು ಒಪ್ಪಿದಳು.

ಬಂದವನು ಔಷಧಿ ಅಂಗಡಿಯವನು, ಇಸ್ತ್ರಿ ಅಂಗಿಯ ಮೆತ್ತನೆ ಮನುಷ್ಯ. ಗಂಡ ನಡುಮಧ್ಯಾಹ್ನದ ಸೆಕೆಯಲ್ಲಿ ಕರೀ ಕೋಟು ತೊಟ್ಟು ಬೆವರುತ್ತ ಗೋಡೆ ದಿಟ್ಟಿಸುತ್ತಿದ್ದ. ಮಾತಾಡಿದರೆ ಗಾಂಭೀರ್ಯ ಕೆಡುತ್ತದಲ್ಲ! ಬೇರೆ ದಾರಿ ಕಾಣದೆ ಅಂಗಡಿಯವನು ಅವಳ ಕಡೆ ತಿರುಗಿದ.

"ನನ್ನ ಹೆಂಡ್ತಿ ತೀರ್ಕೊಂಡು ವರ್ಷ ಆಯ್ತು ಓನರಮ್ಮ. ಬಂದೋರೆಲ್ಲ ಸಮಾಧಾನ ಮಾಡ್ಕೋ, ಸಮಾಧಾನ ಮಾಡ್ಕೋ ಅಂದ್ರು. ಈ ಆಲ್ಬಮ್ ಒಂದೇ ಹಾಗನ್ಲಿಲ್ಲ. ಅದ್ರಲ್ಲೂ ಕೊನೇ ಹಾಡಲ್ಲಿ, ಗಿಟಾರ್ ನಿಂತ ಮೇಲೆ ಒಂದು ಅಳು ಬರುತ್ತೆ. ದಿನಾ ಅದರ ಜೊತೆ ಕೂತು ಅಳ್ತೀನಿ."

ಫೋನಿನಲ್ಲಿ ಹಾಕಿದ. ಬಿಕ್ಕಿ ಬಿಕ್ಕಿ ಅಳು, ನಡುವೆ ಒಡೆದ ಹೆಣ್ಣುದನಿ: "ನಾನು ಬರೋವರೆಗಾದ್ರೂ ಇರ್ಬಾರ್ದಿತ್ತಾ ಅಮ್ಮಾ..."

ಅದು ಅವಳದೇ ದನಿ. ತಾಯಿ ಹೋದಳೆಂದು ಫೋನ್ ಬಂದ ದಿನ ಕೋಣೆಯಲ್ಲಿ ಒಬ್ಬಳೇ ಬಿದ್ದು ಅತ್ತಿದ್ದಳು. ಬಾಗಿಲ ಸಂದಿಯಲ್ಲಿ ಗಂಡನ ಕಾಲು ಕಂಡಿತ್ತು. ಪಾಪ, ಒಳಗೆ ಬರಲು ಅಂಜುತ್ತಾನೆ ಎಂದುಕೊಂಡಿದ್ದಳು. ಮೂರು ವರ್ಷ ಹಾಗೆಯೇ ನಂಬಿದ್ದಳು. ಪಾಪವಂತೆ ಪಾಪ! ಪುಣ್ಯಾತ್ಮ ರೆಕಾರ್ಡ್ ಮಾಡುತ್ತ ನಿಂತಿದ್ದ.

"ಹೆಣ್ಣಿನ ದನೀನೂ ನೀವೇನಾ ಸಾರ್?" ಅಂಗಡಿಯವನು ಕೇಳಿದ.

ಗಂಡ ಅವಳ ಮುಖ ನೋಡಿದ. ಹೇಳು, ಈಗಲಾದರೂ ಹೇಳು ಎಂದು ಅವಳು ಕಾದಳು.

"ನಾನೇ," ಎಂದ. "ಒಳಗಿಂದ ಬಂತು."

ಅವಳು ಎದ್ದು ನಿಂತಳು.

"ಅದು ನನ್ನ ಅಳು ಸಾರ್. ನಮ್ಮಮ್ಮ ಹೋದ ದಿನದ್ದು. ನಾನು ಓನರೂ ಅಲ್ಲ, ಗೀನರೂ ಅಲ್ಲ, ಇವರ ಹೆಂಡ್ತಿ."

ಅಂಗಡಿಯವನು ಮೆಲ್ಲಗೆ ಫೋನ್ ಆರಿಸಿದ. "ಹಾಗಾದ್ರೆ ಇಷ್ಟು ದಿನ ನನ್ನ ಜೊತೆ ಅತ್ತಿದ್ದು ನೀವಾ ತಾಯಿ?" ಎಂದು ಕೈ ಮುಗಿದ. ಅವನ ಕಣ್ಣು ತುಂಬಿತ್ತು. ಅವಳದೂ ತುಂಬಿತು.

ಗಂಡ ಕೋಟು ಸರಿಮಾಡಿಕೊಳ್ಳುತ್ತ, "ಅದು ಕಲೆ ಕಣೇ, ನಿನಗೆ ಗೊತ್ತಾಗಲ್ಲ," ಎಂದು ಗೊಣಗಿದ.

"ಗೊತ್ತಾಯ್ತು ಬಿಡಿ," ಎಂದಳು ಅವಳು. "ಆಲ್ಬಮ್ಮಿಗೆ ಇಟ್ಟ ಹೆಸರು ಇಷ್ಟು ದಿನ ಸುಳ್ಳಾಗಿತ್ತು. ಇವತ್ತಿಂದ ನಿಜ."