ಲಿಫ್ಟು ಕೊಟ್ಟ ನಾಲ್ಕು ಕಿಲೋ

ಅಕ್ಕ ಹಟಕ್ಕೆ ಬಿದ್ದರೆ ಯಾರ ಮಾತಿಗೂ ಜಗ್ಗುವವಳಲ್ಲ. ತಂಗಿ ಊರಿನ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುವವಳು; ಜ್ವರದಲ್ಲಿ ಹಾಸಿಗೆ ಹಿಡಿದು ಎದ್ದಾಗ ಕಡ್ಡಿಯಂತಾಗಿದ್ದಳು. ಐವತ್ತು ಕಿಲೋ ಆಗುವವರೆಗೆ ಡೋಲು ಹೊರಬೇಡಿ ಎಂದು ಡಾಕ್ಟರು ಹೇಳಿದ್ದೇ ತಡ, ಅಕ್ಕ ಕಾವಲಿಗೆ ನಿಂತುಬಿಟ್ಟಳು. ಇತ್ತ ಭಾನುವಾರ ಪಾರ್ಕಿನಲ್ಲಿ ಬ್ಯಾಂಡಿನ ಮೆರವಣಿಗೆ. ಅದು ತಪ್ಪಿದರೆ ಡೋಲು ಬೇರೆಯವರ ಕೊರಳಿಗೆ ಹೋಗುವುದು ಖಂಡಿತ. ನೆನೆದರೇ ತಂಗಿಗೆ ಅಳು ಬರುತ್ತಿತ್ತು.

ಅವರ ಮನೆಯ ನೆಲವೆಲ್ಲ ಉಬ್ಬುತಗ್ಗು. ತೂಕದ ಯಂತ್ರ ಅಡುಗೆಮನೆಯಲ್ಲಿ ಒಂದು ಹೇಳಿದರೆ ಪಡಸಾಲೆಯಲ್ಲಿ ಇನ್ನೊಂದು ಹೇಳುತ್ತಿತ್ತು. ಇಡೀ ಕಟ್ಟಡದಲ್ಲಿ ಸಮನಾದ ನೆಲವೆಂದರೆ ಲಿಫ್ಟಿನದೊಂದೇ. ಹಾಗಾಗಿ ದಿನಾ ಬೆಳಿಗ್ಗೆ ಯಂತ್ರವನ್ನು ಲಿಫ್ಟಿನೊಳಗಿಟ್ಟು, ಅಕ್ಕ ಒಳಗಿನಿಂದಲೇ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಲ್ಲುವಳು, ತಂಗಿ ಹತ್ತುವಳು. ಮುಳ್ಳು ನಲವತ್ತೆಂಟು ಬಿಟ್ಟು ಕದಲುತ್ತಿರಲಿಲ್ಲ.

ಶನಿವಾರ ಅಕ್ಕನಿಗೆ ಜೋರು ಸೀನು ಬಂತು. ಕಾಲು ಒಳಗೆ ಬಂತು, ಬಾಗಿಲು ಮುಚ್ಚಿತು. ಮೇಲೆ ಯಾರೋ ಗುಂಡಿ ಒತ್ತಿದ್ದರು. ಲಿಫ್ಟು ಗಕ್ಕನೆ ಏರತೊಡಗಿತು.

"ಅಕ್ಕಾ, ಐವತ್ತೆರಡು! ನೋಡೇ!"

ಅಕ್ಕ ಬಗ್ಗಿ ನೋಡುವಷ್ಟರಲ್ಲಿ ಮತ್ತೆ ನಲವತ್ತೆಂಟು. ಮೇಲಿನ ಮಹಡಿ ಹತ್ತಿರವಾಗಿ ಲಿಫ್ಟು ನಿಧಾನಿಸಿದಾಗ ನಲವತ್ನಾಲ್ಕು.

"ಅಯ್ಯೋ, ಕಣ್ಣೆದುರಿಗೇ ಕರಗಿ ಹೋಗ್ತಿದ್ದೀಯಲ್ಲೇ!" ಎಂದು ಅಕ್ಕ ಎದೆ ಹಿಡಿದುಕೊಂಡಳು.

"ನಾನೆಲ್ಲೂ ಕರಗಿಲ್ಲ. ಲಿಫ್ಟು ಏರೋಕೆ ಹೊರಟಾಗ ನೆಲ ನನ್ನನ್ನ ಜಾಸ್ತಿ ಒತ್ತುತ್ತೆ, ನಿಲ್ಲೋವಾಗ ಕಮ್ಮಿ. ಮುಳ್ಳು ತೋರಿಸೋದು ಆ ಒತ್ತಡಾನ."

"ಹಾಗಾದ್ರೆ ನಿನ್ನ ಐವತ್ತೆರಡೂ ಸುಳ್ಳು."

ಬಾಯಿ ಬಿಟ್ಟು ಕೆಟ್ಟೆ ಎಂದು ತಂಗಿಗೆ ಆಗ ಹೊಳೆಯಿತು. ಕಣ್ಣು ತುಂಬಿ ಬಂತು. "ನಾಳೆ ಹೋಗದಿದ್ರೆ ಡೋಲು ಕೈ ತಪ್ಪುತ್ತೆ ಕಣೇ."

ಅಕ್ಕ ಅವಳನ್ನು ಯಂತ್ರದಿಂದ ಇಳಿಸಿದಳು. ಆಮೇಲೆ ತಾನೇ ಯಂತ್ರ ಹತ್ತಿದಳು. ನಿಂತ ಲಿಫ್ಟಿನಲ್ಲೇ ಮುಳ್ಳು ಎಂಬತ್ತು ದಾಟಿತು. ಲಿಫ್ಟಿಗೆ ಕಾಯುತ್ತಿದ್ದ ಮೇಲಿನ ಮನೆಯಾಕೆ ಬಾಯಿ ಬಿಟ್ಟುಕೊಂಡು ನೋಡಿದಳು.

"ಡಾಕ್ಟ್ರು ಹೊರಬೇಡ ಅಂದ್ರು," ಎಂದಳು ಅಕ್ಕ. "ಬಾರಿಸಬೇಡ ಅಂದ್ರಾ?"

ಭಾನುವಾರ ಡೋಲು ಅಕ್ಕನ ಕೊರಳಿನಲ್ಲಿ, ಕೋಲು ತಂಗಿಯ ಕೈಯಲ್ಲಿ. ಅಕ್ಕನಿಗೆ ತಾಳದ ಗಂಧಗಾಳಿಯಿಲ್ಲ. ಎಲ್ಲರೂ ಎಡಗಾಲು ಇಟ್ಟರೆ ಇವಳದು ಬಲಗಾಲು. ಜನ ನಕ್ಕರು. ಅಕ್ಕ ಏದುಸಿರು ಬಿಡುವುದನ್ನು ಕಂಡು ತಂಗಿಯ ಪೆಟ್ಟು ಮೆಲ್ಲಗಾಯಿತು.

ಅಕ್ಕ ತಿರುಗಿ ಗದರಿದಳು: "ಯಾಕೇ, ನನಗೆ ನೋಯುತ್ತೆ ಅಂತಾನಾ? ಜೋರಾಗಿ ಬಾರಿಸೇ. ಹೊರೋಕೆ ನಾನಿದ್ದೀನಲ್ಲ!"